ಬರುವ ಯುಗಾದಿಗೆ ಯಾರ ಮನೆ

ನಮ್ಮ ಕಡೆ ಅಪರಾಧ ಹೆಚ್ಚಾಗಿ ಬೇವಿನ ಮರದ ಕೆಳಗೆ ನಡೆಯುತ್ತದೆ. ಇದು ನನ್ನ ಅಭಿಪ್ರಾಯವಲ್ಲ, ಲೆಕ್ಕ. ಸರ್ಕಾರಿ ಅಭಿಯೋಜಕರ ಕಚೇರಿಗೆ ಹೊರಗುತ್ತಿಗೆ ಟೈಪಿಸ್ಟ್ ಆಗಿ ಸೇರಿದ ಮೊದಲ ವಾರದಿಂದಲೂ ಡೈರಿಯ ಹಿಂದಿನ ಪುಟಗಳಲ್ಲಿ ಗೀಟು ಹಾಕುತ್ತ ಬಂದಿದ್ದೇನೆ. ಇಸ್ಪೀಟು ಕೇಸಿನ ಕಡತ ಬಂದಾಗ ಮರ ಯಾವುದೆಂದು ನೋಡುವುದು, ಅದರ ಹೆಸರಿನ ಮುಂದೆ ಒಂದು ಗೀಟು ಎಳೆಯುವುದು. ಬೇವು ಯಾವಾಗಲೂ ಮುಂದೆ. ಹುಣಸೆ ಎರಡನೆಯದು. ಹೊಂಗೆ, ಆಲ ಅಲ್ಲೊಂದು ಇಲ್ಲೊಂದು. ಜಾಲಿಮರದ ಕೆಳಗೆ ಇದುವರೆಗೆ ಯಾರೂ ಆಡಿದ್ದಿಲ್ಲ. ಮುಳ್ಳಿನ ಮೇಲೆ ಕೂರುವಷ್ಟು ದಡ್ಡರು ನಮ್ಮ ಆರೋಪಿಗಳಲ್ಲ, ಅಥವಾ ಅಲ್ಲಿ ಕೂರಿಸುವಷ್ಟು ಕಟುಕರು ಪಂಚನಾಮೆ ಬರೆಯುವವರಲ್ಲ.

ಮರದ ಕೆಳಗೆ ಒಂದು ಹಳೆಯ ದಿನಪತ್ರಿಕೆ, ಅದರ ಮೇಲೆ ಐವತ್ತೆರಡು ಎಲೆ, ಒಂದಿಷ್ಟು ನಗದು, ಸುತ್ತ ಗುಂಡಾಗಿ ಕುಳಿತ ಜನ, ಅಂದರ್‌ಗೆ ಬಾಹರ್‌ಗೆ ಎಂಬ ಕೂಗು. ನಮ್ಮ ಮನೆಯ ಇಸ್ಪೀಟು ಕಟ್ಟಿನಲ್ಲಿ ಎರಡು ಎಲೆ ಕಳೆದು ವರ್ಷಗಳಾದವು. ಜಪ್ತಿಯಾದ ಕಟ್ಟಿನಲ್ಲಿ ಮಾತ್ರ ಒಂದೇ ಒಂದು ಎಲೆ ಕಡಿಮೆ ಬಿದ್ದದ್ದನ್ನು ನಾನು ಕಂಡಿಲ್ಲ. ಪೊಲೀಸರನ್ನು ಕಂಡು ಓಡುವ ಗಡಿಬಿಡಿಯಲ್ಲೂ ನಮ್ಮ ಜನ ಎಲೆಗಳನ್ನು ಎಣಿಸಿಟ್ಟೇ ಓಡುತ್ತಾರೆ.

ಕಚೇರಿ ಇರುವುದು ಚಳ್ಳಕೆರೆಯಲ್ಲಿ. ನಾನು ಸೇರಿದ ಹೊತ್ತಿಗೆ ಮೊಳಕಾಲ್ಮೂರಿನ ಅಭಿಯೋಜಕರ ಹುದ್ದೆ ಖಾಲಿ ಇತ್ತು. ಹಾಗಾಗಿ ಅಲ್ಲಿನ ಪ್ರಭಾರವೂ ನಮ್ಮ ಸಾಹೇಬರದೇ. ಪ್ರಭಾರ ಎಂದರೆ ಎರಡು ಊರಿನ ಕೆಲಸ, ಒಂದು ಊರಿನ ಕುರ್ಚಿ. ವಾರದ ಮೊದಲ ಮೂರು ದಿನ ಚಳ್ಳಕೆರೆಯ ಕೋರ್ಟು, ಗುರುವಾರ ಮತ್ತು ಶುಕ್ರವಾರ ಮೊಳಕಾಲ್ಮೂರಿನದು. ಗುರುವಾರ ಬೆಳಿಗ್ಗೆ ಸಾಹೇಬರು ಕಡತದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಕಿಟಕಿ ಪಕ್ಕ ಕೂರುತ್ತಿದ್ದರು, ಹಿಂದಿನ ಸೀಟಿನಲ್ಲಿ ನಾನು. ತಳಕು ದಾಟುವಷ್ಟರಲ್ಲಿ ಅಂದಿನ ಕೇಸುಗಳನ್ನೆಲ್ಲ ಓದಿ ಮುಗಿಸುತ್ತಿದ್ದರು. ಅದೇ ಬಸ್ಸಿನಲ್ಲಿ ಆರೋಪಿಗಳೂ ಇರುತ್ತಿದ್ದರು, ಸಾಕ್ಷಿಗಳೂ ಇರುತ್ತಿದ್ದರು. ಜನ ಜಾಸ್ತಿಯಿದ್ದ ದಿನ ಆರೋಪಿ ಎದ್ದು ಸಾಹೇಬರಿಗೆ ಸೀಟು ಬಿಟ್ಟುಕೊಡುತ್ತಿದ್ದ. ತ್ವರಿತ ನ್ಯಾಯ ಬೇಕೆನ್ನುವವರು ಬಸ್ಸಿನಲ್ಲೇ ಕಲಾಪ ಮುಗಿಸಬಹುದಿತ್ತು. ದಂಡಕ್ಕೆ ರಸೀದಿ ಹರಿಯಲು ಕಂಡಕ್ಟರ್ ಕೈಯಲ್ಲಿ ಯಂತ್ರವೂ ಇತ್ತು.

ಸಾಹೇಬರದು ಮೆಲುದನಿ. ಐವತ್ತು ದಾಟಿತ್ತು. ಕೋಪ ಬಂದರೆ ಕನ್ನಡಕ ಒರೆಸುತ್ತಿದ್ದರು. ತೀರಾ ಕೋಪ ಬಂದರೆ ಒರೆಸಿದ್ದನ್ನೇ ಮತ್ತೊಮ್ಮೆ ಒರೆಸುತ್ತಿದ್ದರು. ಅವರ ಕನ್ನಡಕದಷ್ಟು ಸ್ವಚ್ಛವಾದ ವಸ್ತು ನಮ್ಮ ಕಚೇರಿಯಲ್ಲಿ ಇನ್ನೊಂದು ಇರಲಿಲ್ಲ.

ಆ ವರ್ಷದ ಯುಗಾದಿ ಕಳೆದ ಸ್ವಲ್ಪ ದಿನಕ್ಕೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿಯೊಂದು ಕಚೇರಿಯೂ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ತನ್ನ ಐದು ಆದ್ಯತೆಗಳನ್ನು, ಸ್ಥಳೀಯ ವಾಸ್ತವಕ್ಕೆ ಅನುಗುಣವಾಗಿ, ನಿಗದಿತ ನಮೂನೆಯಲ್ಲಿ ಕಳಿಸಬೇಕಂತೆ. ಸ್ಥಳೀಯ ವಾಸ್ತವ ಹೇಗಿರಬೇಕೆಂಬುದಕ್ಕೆ ಅವರೇ ಕೆಲವು ಪದಗಳನ್ನೂ ಕೊಟ್ಟಿದ್ದರು: ಸಂತ್ರಸ್ತ ಕೇಂದ್ರಿತ, ದತ್ತಾಂಶ ಆಧಾರಿತ, ಸಮುದಾಯ ಸಹಭಾಗಿತ್ವ. ಸಾಹೇಬರು ಓದಿ ಅದನ್ನು ನನ್ನ ಮೇಜಿಗೆ ದಾಟಿಸಿದರು. ದಿನಾ ಕೂತು ಅದೇನೋ ಲೆಕ್ಕ ಬರೆಯುತ್ತೀಯಲ್ಲಮ್ಮ, ಮೊದಲ ಕರಡು ನೀನೇ ಮಾಡು ಎಂದರು.

ನಾನು ಪ್ರಾಮಾಣಿಕವಾಗಿ ಮಾಡಿದೆ. ಒಂದು, ತಿರುಗುವ ಫ್ಯಾನು. ಎರಡು, ಬಾಗಿಲು ಮುಚ್ಚುವ ಬೀರು. ಮೂರು, ಕಾನೂನಿನ ಹೊಸ ಪುಸ್ತಕಗಳು, ಏಕೆಂದರೆ ಸೆಕ್ಷನ್ನುಗಳ ನಂಬರೆಲ್ಲ ಬದಲಾಗಿ, ಹಳೆಯದಕ್ಕೆ ಹೊಸದು ಯಾವುದೆಂದು ನಾನೇ ಬರೆದು ಗೋಡೆಗಂಟಿಸಿದ ಹಾಳೆಯಿಂದಲೇ ಆಗ ಎರಡು ತಾಲ್ಲೂಕಿನ ನ್ಯಾಯ ನಡೆಯುತ್ತಿತ್ತು. ನಾಲ್ಕನೆಯದು ದತ್ತಾಂಶ ಆಧಾರಿತ: ಬೇವಿನ ಮರಗಳನ್ನು ಕಡಿಸಿದರೆ ಜೂಜು ಅರ್ಧಕ್ಕಿಳಿಯುತ್ತದೆ. ಐದಕ್ಕೆ ಏನೂ ಹೊಳೆಯಲಿಲ್ಲ. ಸಾಹೇಬರು ಓದಿ ನಗಲಿಲ್ಲ. ನಾಲ್ಕನೆಯದರ ಮೇಲೆ ಬೆರಳಿಟ್ಟು, ಇದಿರಲಿ, ಬರುವ ಗುರುವಾರ ಆದಮೇಲೆ ನೋಡೋಣ ಎಂದರು.

ಗುರುವಾರ ಮೊಳಕಾಲ್ಮೂರಿನಲ್ಲಿ ಯುಗಾದಿಯ ಇಸ್ಪೀಟು ಕೇಸು ಇತ್ತು. ದೇವಸಮುದ್ರದ ಬಸ್ಸು ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಹಬ್ಬದ ಮಾರನೇ ದಿನ, ಬೇವಿನ ಮರದ ಕೆಳಗೆ, ಆರು ಜನ. ಪ್ರತಿ ವರ್ಷವೂ ಆ ಊರಿಂದ ಇಂಥದೊಂದು ಕೇಸು ಬರುತ್ತಿತ್ತೆಂದು ಬೆಂಚ್ ಕ್ಲರ್ಕ್ ಹೇಳಿದರು. ಆರು ಜನ ಒಂದೇ ಟೆಂಪೋದಲ್ಲಿ ಬರುವುದು, ಸಾಲಾಗಿ ನಿಂತು ತಪ್ಪಾಯ್ತು ಅನ್ನುವುದು, ದಂಡ ಕಟ್ಟಿ ಮಿರ್ಚಿ ಮಂಡಕ್ಕಿ ತಿಂದು ಹೋಗುವುದು. ಇಡೀ ಕೋರ್ಟಿನಲ್ಲಿ ಒಂದೇ ವಾಯಿದೆಗೆ ಮುಗಿಯುವ ಕೇಸೆಂದರೆ ಅದೊಂದೇ. ಕ್ಲರ್ಕ್ ಆರೂ ಜನರ ಹಾಳೆಯಲ್ಲಿ 'ತಪ್ಪೊಪ್ಪಿಕೊಂಡಿದ್ದಾರೆ' ಎಂದು ಮೊದಲೇ ಪ್ರಿಂಟು ತೆಗೆದಿಟ್ಟುಕೊಂಡಿದ್ದರು.

ನ್ಯಾಯಾಧೀಶರು ಆರೋಪ ಓದಿ ಹೇಳಿದರು. ಐದು ಜನ ಒಬ್ಬರ ಹಿಂದೊಬ್ಬರು ತಪ್ಪಾಯ್ತು ಸ್ವಾಮಿ ಅಂದರು. ಅವರಲ್ಲಿ ಯಾರ ಮುಖದಲ್ಲೂ ತಪ್ಪು ಮಾಡಿದವರ ಅಳುಕಾಗಲಿ, ಸಿಕ್ಕಿಬಿದ್ದವರ ಸಿಟ್ಟಾಗಲಿ ಇರಲಿಲ್ಲ. ಪಡಿತರದ ಸಾಲಿನಲ್ಲಿ ನಿಂತ ಹಾಗಿದ್ದರು. ಆರನೆಯವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ನಾನು ಆಡಿಲ್ಲ ಸ್ವಾಮಿ," ಅಂದ.

ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಪಕ್ಕದಲ್ಲಿದ್ದವನು ತುಟಿ ಅಲುಗಿಸದೆ ಅವನ ಕಿವಿಗೆ ಹೇಳಿದ್ದು ನನಗೂ ಕೇಳಿಸಿತು: "ಲೇ, ತಪ್ಪಾಯ್ತು ಅನ್ನಲೇ. ಟೆಂಪೋ ಕಾಯ್ತೈತೆ." ಕ್ಲರ್ಕ್ ತಾವು ತೆಗೆದಿಟ್ಟಿದ್ದ ಆರನೇ ಪ್ರಿಂಟನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಸರ್ಕಾರಿ ಕಾಗದ ವ್ಯರ್ಥವಾಗಿತ್ತು. ಅವನೊಬ್ಬನ ಕೇಸನ್ನು ಬೇರೆ ಮಾಡಿ ವಿಚಾರಣೆಗೆ ಇಟ್ಟರು. ಉಳಿದ ಐವರು ದಂಡ ಕಟ್ಟಿ ಟೆಂಪೋ ಹತ್ತಿದರು. ಹುಡುಗನನ್ನು ಹತ್ತಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಕೇಸು ಹಾಕಿದ ಠಾಣೆಯ ದಫೇದಾರರು ಸಾಹೇಬರ ಎದುರು ಬಂದು ಕುಳಿತರು. ದೊಡ್ಡ ಹೊಟ್ಟೆಯ, ಸಾಧು ಸ್ವಭಾವದ ಮನುಷ್ಯ. ಅವರಿಗೆ ಕೋಪವೇನೂ ಬಂದಿರಲಿಲ್ಲ, ಮನಸ್ಸಿಗೆ ನೋವಾಗಿತ್ತು. ಊರಿನವರ ಜೊತೆ ಕೂತು ಮಾತಾಡಿಕೊಂಡೇ ಹೆಸರು ಬರೆದುಕೊಂಡದ್ದು, ಯಾರಿಗೂ ಒಂದು ಏಟು ಹೊಡೆದಿಲ್ಲ, ಯಾರನ್ನೂ ಜೀಪಿಗೆ ಹತ್ತಿಸಿಲ್ಲ, ಇಷ್ಟು ಮರ್ಯಾದೆಯಿಂದ ಕೇಸು ಹಾಕಿದರೂ ಹೀಗಾದರೆ ನಾವು ಕೆಲಸ ಮಾಡುವುದು ಹೇಗೆ ಎಂದು ಕೇಳಿದರು. ಊರಿನವರ ಜೊತೆ ಏನು ಮಾತಾಡಿಕೊಂಡಿರಿ ಎಂದು ಸಾಹೇಬರು ಕೇಳಿದಾಗ ಮಾತು ಮಳೆಯ ಕಡೆಗೆ ತಿರುಗಿತು.

ಅದೇನೆಂದು ಗೊತ್ತಾದದ್ದು ಮುಂದಿನ ಸೋಮವಾರ, ಚಳ್ಳಕೆರೆಯ ಕಚೇರಿಗೆ ಹುಡುಗನ ತಾಯಿ ಬಂದಾಗ. ನಡು ವಯಸ್ಸು ದಾಟಿದ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮಗನ ಕಾಗದಗಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳು ಹೇಳಿದ್ದರಲ್ಲಿ ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ಸೆರಗಿನಿಂದ ಮೂಗು ಒರೆಸಿಕೊಂಡದ್ದು. ಜೋಡಿಸಿದರೆ ಇಷ್ಟು.

ಬಹಳ ಹಿಂದೆ ಆ ಊರಿನಲ್ಲಿ ಪೊಲೀಸರು ಯುಗಾದಿಯ ದಿನ ನಿಜವಾಗಿಯೇ ದಾಳಿ ಮಾಡಿ, ನಿಜವಾಗಿಯೇ ಆಡುತ್ತಿದ್ದವರನ್ನು ಹಿಡಿದಿದ್ದರಂತೆ. ಹೆಸರು ಹೇಳಿದವರು ಯಾರು ಎಂದು ಊರು ಎರಡು ಪಾಲಾಗಿ, ಒಂದು ವರ್ಷ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಆಮೇಲೆ ಊರ ಯಜಮಾನರು ಒಂದು ಪದ್ಧತಿ ಮಾಡಿದರು. ಪೊಲೀಸರಿಗೆ ವರ್ಷಕ್ಕೊಂದು ಹಬ್ಬದ ಕೇಸು ಬೇಕು, ಸರಿ. ಆರು ಹೆಸರು ನಾವೇ ಕೊಡುತ್ತೇವೆ. ಮನೆಯ ಸಾಲಿನ ಪ್ರಕಾರ ಸರದಿ. ಮನೆಗೊಬ್ಬ ಗಂಡಸು. ಆಡಿದವನೋ ಬಿಟ್ಟವನೋ ಎಂಬ ಪ್ರಶ್ನೆಯೇ ಇಲ್ಲ. ದಂಡ, ಟೆಂಪೋ, ಮಿರ್ಚಿ ಎಲ್ಲ ಊರೊಟ್ಟಿನಿಂದ. ಅಂದಿನಿಂದ ಊರಲ್ಲಿ ಜಗಳವಿಲ್ಲ. ಆಡುವವರು ನಿಶ್ಚಿಂತೆಯಿಂದ ಆಡುತ್ತಾರೆ, ಸರದಿ ಬಂದವರು ನಿಶ್ಚಿಂತೆಯಿಂದ ಶಿಕ್ಷೆಯಾಗಿ ಬರುತ್ತಾರೆ. ಸಮುದಾಯ ಸಹಭಾಗಿತ್ವ ಎಂದು ಸುತ್ತೋಲೆ ಕೇಳಿದ್ದೂ ಇದನ್ನೇ ಇರಬೇಕು ಎಂದು ನನಗೆ ಅನಿಸಿತು.

ಈ ಸಲ ಅವರ ಮನೆಯ ಸರದಿ. ಗಂಡ ತೀರಿಹೋಗಿದ್ದ. ಮನೆಯ ಗಂಡಸೆಂದರೆ ಮಗ. ಹಬ್ಬದ ಎರಡೂ ದಿನ ಅವನು ಕೊಂಡ್ಲಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದ. ಅವನು ಊರಲ್ಲಿಲ್ಲದಾಗಲೇ ಹೆಸರು ಹೋಗಿತ್ತು. ಬೇರೆ ಯಾವ ವರ್ಷವಾದರೂ ಚಿಂತೆಯಿರಲಿಲ್ಲ. ಆದರೆ ಹುಡುಗನ ಹೆಸರು ಲೈನ್‌ಮನ್ ಕೆಲಸದ ಆಯ್ಕೆ ಪಟ್ಟಿಯಲ್ಲಿ ಬಂದಿತ್ತು. ಆ ಕೆಲಸಕ್ಕೆ ಕಂಬ ಹತ್ತುವ ಪರೀಕ್ಷೆ ಇರುತ್ತದೆ. ಒಂದು ವರ್ಷ ಶಾಲೆಯ ಹಿಂದೆ ನೆಟ್ಟಿದ್ದ ಹಳೆಯ ಕಂಬ ಹತ್ತಿ ಇಳಿದು ಅವನ ಮೊಣಕಾಲ ಚರ್ಮ ದಪ್ಪಗಾಗಿತ್ತಂತೆ. ಕಂಬ ಹತ್ತಿ ಆಗಿತ್ತು. ಇನ್ನು ಉಳಿದಿದ್ದದ್ದು ಪೊಲೀಸ್ ಪರಿಶೀಲನೆ ಒಂದೇ. ಶಿಕ್ಷೆಯಾದ ಕೇಸಿದ್ದರೆ ಕೆಲಸವಿಲ್ಲ. ಕೇಸು ಬಾಕಿ ಇದ್ದರೆ ಮುಗಿಸಿಕೊಂಡು ಬಾ ಎಂದು ದಸರಾವರೆಗೆ ಸಮಯ ಕೊಟ್ಟಿದ್ದರು.

"ಸಾಮಿ, ಸರದಿ ನಮ್ಮನೇದು ಅನ್ನೋದು ನಿಜ. ನಾನು ಇಲ್ಲ ಅನ್ನಲ್ಲ," ಎಂದಳು ತಾಯಿ. "ಅವನ್ ಹೆಸರು ಹೊಡ್ದಾಕಿ ನನ್ ಹೆಸರು ಬರ್ಕಳ್ರಿ. ನಾನೇ ಎಲೆ ಆಡ್ದೆ ಅಂತೀನಿ. ತಪ್ಪಾಯ್ತು ಅಂತ ಎಷ್ಟು ಸಲ ಬೇಕಾದ್ರೂ ಅಂತೀನಿ."

ಸಾಹೇಬರು ಅವಳನ್ನೇ ನೋಡಿದರು. "ನಿಮಗೆ ಎಲೆ ಆಡಾಕೆ ಬರ್ತೈತೇನವ್ವ?"

"ಬರಲ್ಲ ಸಾಮಿ. ಅವನಿಗೂ ಬರಲ್ಲ."

ಸಾಹೇಬರು ಕನ್ನಡಕ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

ಅವಳು ಹೋದ ಮೇಲೆ, ಇಂಥ ಕೇಸನ್ನು ನಾವೇ ಹಿಂತೆಗೆದುಕೊಳ್ಳಲು ಆಗುವುದಿಲ್ಲವೇ ಎಂದು ಕೇಳಿದೆ. ಆಗುತ್ತದೆ ಎಂದರು. ಕಾನೂನಿನಲ್ಲಿದೆ. ಅಭಿಯೋಜಕ ಅರ್ಜಿ ಹಾಕಬೇಕು, ಅದಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಬೇಕು, ಕಡತ ಬೆಂಗಳೂರಿಗೆ ಹೋಗಬೇಕು, ಅಲ್ಲಿ ದೊಡ್ಡವರು ಕುಳಿತು ಸಾರ್ವಜನಿಕ ಹಿತ ನೋಡಬೇಕು. ಬಸ್ಸಿಗೆ ಕಲ್ಲು ಹೊಡೆದ ದೊಡ್ಡ ಗುಂಪಿನ ಕೇಸುಗಳಲ್ಲಿ ಸಾರ್ವಜನಿಕ ಹಿತ ಬೇಗ ಕಾಣಿಸುತ್ತದಂತೆ. ಒಬ್ಬನೇ ಒಬ್ಬ, ಅದೂ ಯಾವುದಕ್ಕೂ ಕಲ್ಲು ಹೊಡೆಯದವನಾದರೆ, ಕಾಣಿಸುವುದು ಕಷ್ಟ. ಆ ಹೊತ್ತಿಗೆ ದಸರಾ ಅಲ್ಲ, ಇನ್ನೆರಡು ಯುಗಾದಿ ಕಳೆದಿರುತ್ತವೆ ಎಂದರು. ಹಾಗಾದರೆ ಕೇಸು ಕೋರ್ಟಿಗೆ ಬರುವ ಮುಂಚೆ ನಾವು ಓದಿ, ಇದು ನಿಲ್ಲುವುದಿಲ್ಲ ಎಂದು ವಾಪಸು ಕಳಿಸಬಹುದಲ್ಲ? ಅದಕ್ಕವರು, ನಾವು ಓದುವುದು ಬಸ್ಸಿನಲ್ಲಿ, ಕೋರ್ಟಿಗೆ ಬಂದ ಮೇಲೆ ಎಂದರು. ನಂತರ ನನ್ನ ಕರಡು ಎಲ್ಲಿಟ್ಟಿದ್ದೇನೆಂದು ಕೇಳಿದರು.

ಹೀಗೆ ವಿಚಾರಣೆ ಶುರುವಾಯಿತು. ಶುರುವಾಯಿತು ಎಂದರೆ ಮುಂದಕ್ಕೆ ಹೋಗತೊಡಗಿತು. ಡೈರಿಯಲ್ಲಿ ಅದಕ್ಕೂ ಒಂದು ಸಾಲು ಮಾಡಿದೆ. ಸಾಕ್ಷಿ ಬರಲಿಲ್ಲ, ಒಂದು ಗೀಟು. ಸಾಕ್ಷಿ ಬಂದರೆ ಸಾಹೇಬರಿಗೆ ಚಳ್ಳಕೆರೆಯಲ್ಲಿ ಬೇರೆ ಕೇಸು, ಒಂದು ಗೀಟು. ಇಬ್ಬರೂ ಇದ್ದ ದಿನ ಕರೆಂಟಿರಲಿಲ್ಲ, ಒಂದು ಗೀಟು. ಕರೆಂಟು ಹೋದ ದಿನ ಹುಡುಗ ಕಿಟಕಿಯಿಂದ ಹೊರಗಿನ ಕಂಬವನ್ನು ನೋಡುತ್ತ ನಿಂತಿದ್ದ. ಮೇಲೆ ಹತ್ತಿದ್ದವನು ಬೆಲ್ಟು ಸರಿಯಾಗಿ ಕಟ್ಟಿಕೊಂಡಿಲ್ಲ ಎಂದು ನನಗೆ ಹೇಳಿದ. ಕೋರ್ಟಿನ ಆವರಣದಲ್ಲಿ ನನ್ನ ಜೊತೆ ಅವನು ಆಡಿದ ಮಾತು ಅದೊಂದೇ.

ಅಷ್ಟರಲ್ಲಿ ಊರು ಅವನನ್ನು ಒಲಿಸಲು ತನಗೆ ತೋಚಿದ್ದೆಲ್ಲ ಮಾಡಿತು. ಯಜಮಾನರು ಎರಡು ಸಲ ಮನೆಗೆ ಹೋದರಂತೆ. ಒಂದು ಮಾತು ಅಂದು ಬಂದುಬಿಡು, ನಿಮ್ಮ ಮನೆಗೆ ಮುಂದಿನ ಎರಡು ಸರದಿ ಬಿಡ್ತೀವಿ ಎಂದರಂತೆ. ಹುಡುಗ ಶಿಕ್ಷೆಯಾದರೆ ಕೆಲಸ ಹೋಗುತ್ತದೆ ಎಂದದ್ದಕ್ಕೆ ಅವರಿಗೆ ನಿಜವಾಗಿ ಆಶ್ಚರ್ಯವಾಯಿತಂತೆ. ಇಷ್ಟು ವರ್ಷದಲ್ಲಿ ಶಿಕ್ಷೆಯಿಂದ ಯಾರಿಗೂ ಏನೂ ಆಗಿರಲಿಲ್ಲ. ಕೋರ್ಟಿನ ಶಿಕ್ಷೆಯಿಂದ ಏನಾದರೂ ಆಗುತ್ತದೆ ಎಂಬುದೇ ಅವರಿಗೆ ಹೊಸ ಸುದ್ದಿ. ನಮ್ಮ ಕಚೇರಿಗೂ ಸ್ವಲ್ಪ ಹೊಸದೇ.

ಗಣೇಶ ಹಬ್ಬ ಕಳೆದ ಮೇಲೆ ಒಂದು ಗುರುವಾರ ಎಲ್ಲವೂ ಕೂಡಿಬಂತು. ಸಾಕ್ಷಿ ಇದ್ದರು, ಕರೆಂಟಿತ್ತು, ಸಾಹೇಬರಿಗೆ ಬೇರೆ ಕೇಸಿರಲಿಲ್ಲ. ಪಂಚನಾಮೆಗೆ ಸಹಿ ಹಾಕಿದ ಪಂಚ ಸಾಕ್ಷಿ ಬೇರೆ ಯಾರೂ ಅಲ್ಲ, ಊರ ಯಜಮಾನರೇ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ತುಂಬಿದ ಮನೆಯ ಗಾಂಭೀರ್ಯ. ಕಟಕಟೆ ಹತ್ತಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದರು. ದಫೇದಾರರು ಹಿಂದಿನ ಬೆಂಚಿನಲ್ಲಿದ್ದರು. ಹುಡುಗನ ತಾಯಿ ಬಾಗಿಲ ಹತ್ತಿರ ನಿಂತಿದ್ದಳು.

ಸಾಹೇಬರು ಮಾಮೂಲಿನಂತೆ ಕೇಳುತ್ತ ಹೋದರು. ಯಜಮಾನರು ಬಾಯಿಪಾಠದಂತೆ ಹೇಳುತ್ತ ಹೋದರು. ಬೇವಿನ ಮರ, ಹಳೆಯ ಪೇಪರು, ಐವತ್ತೆರಡು ಎಲೆ, ಈ ಹುಡುಗನೂ ಕೂತಿದ್ದ, ನಾನು ಕಣ್ಣಾರೆ ನೋಡಿದೆ. ಮಾತಿನಲ್ಲಿ ಒಂದು ಕಡೆಯೂ ತೊಡಕಿಲ್ಲ. ಹುಡುಗನ ಪರ ನಿಂತಿದ್ದ ಕಾನೂನು ನೆರವಿನ ವಕೀಲರು ಪಾಟೀಸವಾಲಿಗೆ ಏನು ಕೇಳುವುದೆಂದು ಹಾಳೆ ತಿರುವುತ್ತಿದ್ದರು. ಸಾಹೇಬರು ಕೂರುವವರಿದ್ದರು. ಕೂರದೆ, ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವಂತೆ, ದನಿ ಇಳಿಸಿ ಕೇಳಿದರು.

"ಯಜಮಾನ್ರೇ, ಬರೋ ಯುಗಾದಿಗೆ ಯಾರ ಮನೆ?"

ಯಜಮಾನರಿಗೆ ಇದು ಪಾಠದಲ್ಲಿಲ್ಲದ ಪ್ರಶ್ನೆ. ಆದರೆ ಉತ್ತರ ಪಾಠಕ್ಕಿಂತ ಚೆನ್ನಾಗಿ ಗೊತ್ತಿದ್ದ ಪ್ರಶ್ನೆ. ಅವರ ಮುಖ ಮೊದಲ ಸಲ ಅರಳಿತು.

"ಬಾವಿ ಪಕ್ಕದ ಮೂರು ಮನೆ ಸ್ವಾಮಿ. ಅದರ ತರ್ವಾತ ಹಿಟ್ಟಿನ ಗಿರಣಿಯವ್ರು, ಅವರ ತಮ್ಮ. ಆರನೇದು ನಂದೇ. ಯಜಮಾನನ ಮನೆ ಅಂತ ಬಿಟ್ಕಂಡಿಲ್ಲ. ಸಾಲಲ್ಲಿ ಬಂದ್ರೆ ಬಂತು."

ಟೈಪಿಂಗ್ ನಿಂತಿತು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಯಾರ ಮನೆ, ಏನು ಸಾಲು ಎಂದು ಕೇಳಿದರು. ಯಜಮಾನರು ಅವರ ಕಡೆಗೆ ತಿರುಗಿ, ತಮ್ಮ ಆಡಳಿತದ ಬಗ್ಗೆ ಕಡೆಗೂ ಒಬ್ಬ ತಿಳಿದವರು ಆಸಕ್ತಿ ತೋರಿಸಿದರೆಂಬ ಸಂತೋಷದಲ್ಲಿ, ಪದ್ಧತಿಯನ್ನು ಮೊದಲಿನಿಂದ ವಿವರಿಸಿದರು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಗಂಡಸಿಲ್ಲದ ಮನೆಗೆ ರಿಯಾಯಿತಿ, ಮಗ ದೊಡ್ಡವನಾಗುವ ತನಕ. ಮದುವೆಯಿರುವ ಮನೆಯವರು ಕೇಳಿದರೆ ಒಂದು ವರ್ಷ ಮುಂದಕ್ಕೆ. ಎಷ್ಟೋ ಜನ ದಫೇದಾರರು ಬಂದುಹೋದರು, ಯಾರೂ ಒಂದು ತಕರಾರು ಎತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಈಗಿನ ದಫೇದಾರರು ಫ್ಯಾನಿನ ರೆಕ್ಕೆಗಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಅದು ತಿರುಗುತ್ತಿರಲಿಲ್ಲ.

ಹಾಗಾದರೆ ಈ ಹುಡುಗ ಎಲೆ ಆಡುವುದನ್ನು ನೀವು ನೋಡಿದಿರಾ ಎಂದು ನ್ಯಾಯಾಧೀಶರು ಕೇಳಿದರು. ಯಜಮಾನರು ಸ್ವಲ್ಪ ಬೇಸರದಿಂದಲೇ ಉತ್ತರಿಸಿದರು, ಇಷ್ಟು ಹೇಳಿದ ಮೇಲೂ ಅರ್ಥವಾಗಲಿಲ್ಲವೇ ಎಂಬಂತೆ.

"ಅವನು ಆಡಿಲ್ಲ ಸ್ವಾಮಿ. ಅವನ್ದು ಸರದಿ."

ಹುಡುಗನ ವಕೀಲರು ಎದ್ದು, ಪಾಟೀಸವಾಲು ಇಲ್ಲ ಎಂದರು. ಅವರ ವೃತ್ತಿಜೀವನದ ಅತ್ಯುತ್ತಮ ಪಾಟೀಸವಾಲು ಅದೇ ಎಂದು ಬೆಂಚ್ ಕ್ಲರ್ಕ್ ಆಮೇಲೆ ಹೇಳಿದರು.

ಉಳಿದದ್ದು ಎರಡು ವಾಯಿದೆಯಲ್ಲಿ ಮುಗಿಯಿತು. ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸಲು ಪ್ರಾಸಿಕ್ಯೂಷನ್ ವಿಫಲವಾಗಿದೆ, ಆರೋಪಿ ಖುಲಾಸೆ. ಪ್ರಾಸಿಕ್ಯೂಷನ್ ಎಂದರೆ ನಾವು. ದಸರಾಕ್ಕೆ ಇನ್ನೂ ಒಂದು ವಾರವಿತ್ತು. ತಾಯಿ ಆದೇಶದ ಪ್ರತಿಯನ್ನು ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಳು. ಹುಡುಗ ಸಾಹೇಬರಿಗೆ ಕೈಮುಗಿಯಲು ಬಂದಾಗ, ಅವರು ಮೊದಲು ಹೋಗಿ ಪ್ರತಿಯನ್ನು ತಲುಪಿಸಬೇಕಾದಲ್ಲಿ ತಲುಪಿಸು, ಕೈ ಆಮೇಲೆ ಮುಗಿಯುವೆಯಂತೆ ಎಂದು ಬಸ್ ನಿಲ್ದಾಣದ ಕಡೆಗೆ ಓಡಿಸಿದರು. ಹಬ್ಬ ಕಳೆದ ಮೇಲೆ ಅವನಿಗೆ ತರಬೇತಿಯ ಆದೇಶ ಬಂತು. ಅದೇ ವಾರ ಸಾಹೇಬರಿಗೂ ಒಂದು ಆದೇಶ ಬಂತು. ಸದರಿ ಪ್ರಕರಣದಲ್ಲಿ ಆರೋಪಿಯು ಖುಲಾಸೆಯಾಗಲು ಕಾರಣವೇನು, ತಾವು ಸಾಕ್ಷಿಗೆ ಪ್ರಕರಣಕ್ಕೆ ಸಂಬಂಧಿಸದ ಪ್ರಶ್ನೆ ಕೇಳಿದ್ದೇಕೆ, ಲಿಖಿತ ವಿವರಣೆ ನೀಡಿ. ಮೊದಲ ಐವರಿಗೆ ಶಿಕ್ಷೆಯಾಗಲು ಕಾರಣವೇನೆಂದು ಯಾರೂ ಕೇಳಲಿಲ್ಲ. ಅವರದು ಯಶಸ್ಸಿನ ಸಾಲಿನಲ್ಲಿದೆ, ಈಗಲೂ ಇದೆ. ವಿವರಣೆಯನ್ನು ನಾನೇ ಟೈಪ್ ಮಾಡಿದೆ. ಪ್ರಶ್ನೆಯು ಪ್ರಕರಣಕ್ಕೆ ಸಂಬಂಧಿಸಿದ್ದೇ ಆಗಿತ್ತು, ಪ್ರಕರಣವೇ ಯಾವುದಕ್ಕೂ ಸಂಬಂಧಿಸಿರಲಿಲ್ಲ ಎಂದು ಸಾಹೇಬರು ಬರೆಯಿಸಿದರು. ಆಮೇಲೆ ಎರಡನೇ ಭಾಗವನ್ನು ಹೊಡೆದುಹಾಕಿಸಿ, ಕನ್ನಡಕ ಒರೆಸಿದರು.

ವಿವರಣೆ ಕಳಿಸಿದ ವಾರದ ಗುರುವಾರ ಬಸ್ಸಿನಲ್ಲಿ ವಾಪಸು ಬರುವಾಗ ಆದ್ಯತೆಗಳ ಹಾಳೆ ಕೇಳಿದರು. ಸಲ್ಲಿಸುವ ಗಡುವು ಮುಗಿದು ತಿಂಗಳುಗಳಾಗಿದ್ದವು. ಎರಡು ನೆನಪೋಲೆಗಳೂ ಬಂದಿದ್ದವು. ಮೊದಲ ಸಾಲಿನಲ್ಲಿ, ಕೇಸು ಕೋರ್ಟಿಗೆ ಬರುವ ಮೊದಲು ಅಭಿಯೋಜಕರು ಒಮ್ಮೆ ಓದಲಿ, ನಿಲ್ಲದ್ದನ್ನು ವಾಪಸು ಕಳಿಸಲಿ, ಅದಕ್ಕೆ ಬೇಕಾದ ಅಧಿಕಾರ ಮತ್ತು ಮೊಳಕಾಲ್ಮೂರಿಗೆ ಇನ್ನೊಬ್ಬ ಮನುಷ್ಯನನ್ನು ಕೊಡಿ ಎಂದು ಬರೆದರು. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಅತ್ತಿತ್ತ ಹೋಗಿದ್ದವು. ಉಳಿದ ನಾಲ್ಕಕ್ಕೆ ಏನು ಎಂದೆ. ಮೊದಲನೆಯದು ಆಗಲಿ, ಆಮೇಲೆ ಉಳಿದದ್ದು ಎಂದರು. ನಾನು ಹಾಗೆಯೇ ಟೈಪ್ ಮಾಡಿ ಕಳಿಸಿದೆ. ಐದೂ ಅಂಕಣಗಳನ್ನು ಭರ್ತಿ ಮಾಡಿಲ್ಲವಾದ್ದರಿಂದ ಹಿಂತಿರುಗಿಸಲಾಗಿದೆ ಎಂಬ ಸೀಲಿನೊಂದಿಗೆ ಅದು ವಾಪಸು ಬಂತು. ಓದಿ ವಾಪಸು ಕಳಿಸುವ ಅಧಿಕಾರ ಎಲ್ಲಿದೆ ಎಂದು ಆಗ ಗೊತ್ತಾಯಿತು. ಉಳಿದ ನಾಲ್ಕಕ್ಕೆ ನನ್ನ ಹಳೆಯ ಕರಡಿನಿಂದ ಫ್ಯಾನು, ಬೀರು, ಪುಸ್ತಕ ಸೇರಿಸಿ, ಮರ ಕಡಿಯುವುದನ್ನು ಬಿಟ್ಟು, ಬಾಗಿಲಿಗೆ ಬೀಗ ಎಂದು ಬರೆದು ಮತ್ತೆ ಕಳಿಸಿದೆವು. ಸುಧಾರಣೆ ಮಂಜೂರಾಯಿತು. ಬೀರು ಬಂತು. ಬಹಳ ಚೆನ್ನಾಗಿದೆ, ಬಾಗಿಲು ಮುಚ್ಚುತ್ತದೆ.

ಮುಂದಿನ ಯುಗಾದಿಗೆ ಸ್ವಲ್ಪ ಮುಂಚೆ ತಾಯಿ ಮತ್ತೆ ಚಳ್ಳಕೆರೆಗೆ ಬಂದಳು. ಚೀಲದಲ್ಲಿ ಈ ಸಲ ಕಾಗದವಿರಲಿಲ್ಲ, ಹಸಿ ಶೇಂಗಾ ಇತ್ತು. ಮಗ ಕೆಲಸಕ್ಕೆ ಹೋಗುತ್ತಿದ್ದ. ಅದನ್ನು ಹೇಳುವಾಗ ಮುಖ ಬೆಳಗಿತು, ಆದರೆ ಬಂದದ್ದು ಅದಕ್ಕಲ್ಲ. ಊರಲ್ಲಿ ಸಾಲು ಮತ್ತೆ ಕೂಡಿಸಿದ್ದರಂತೆ. ಕೋರ್ಟಿನಲ್ಲಿ ಅಷ್ಟೆಲ್ಲ ಆದಮೇಲೂ? ಆದಮೇಲೂ. ದಫೇದಾರರಿಗೆ ವರ್ಗವಾಗಿತ್ತು. ಹೊಸಬರು ಬಂದು, ಹಿಂದಿನವರು ಹೇಗೆ ಮಾಡುತ್ತಿದ್ದರು ಎಂದು ಕೇಳಿದ್ದರು. ಊರು ಹೇಳಿಕೊಟ್ಟಿತ್ತು. ಸಾಲಿನಲ್ಲಿ ಇವಳ ಮನೆಯನ್ನು ಮಾತ್ರ ಬಿಟ್ಟಿದ್ದರು. ಈ ವರ್ಷಕ್ಕಲ್ಲ, ಪೂರ್ತಿ.

ಒಳ್ಳೆಯದೇ ಆಯಿತಲ್ಲ ಎಂದೆ ನಾನು. ಅವಳು ನನ್ನನ್ನು ನೋಡಿದ ರೀತಿಯಿಂದ, ನನಗೆ ಓದು ಬರಹ ಬಿಟ್ಟು ಬೇರೇನೂ ಬರುವುದಿಲ್ಲವೆಂಬುದು ಅವಳಿಗೆ ಖಾತ್ರಿಯಾದಂತಿತ್ತು.

"ಏನೊಳ್ಳೇದವ್ವ? ಸಾಲಿಗೆ ಬಿಟ್ಟ ಮೇಲೆ ಊರಿಗೆ ಬಿಟ್ಟಂಗೆ. ನಾಳೆ ನಮ್ಮನೆ ಕಾರ್ಯಕ್ಕೆ ಯಾರು ಬರ್ತಾರೆ?" ಎಂದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು. "ಸಾಮಿ, ನೀವೊಂದು ಮಾತು ಹೇಳಿ ಮನೆ ಸೇರಿಸ್ರಿ. ಅವನ್ ಹೆಸರು ಬ್ಯಾಡ. ನಂದು ಹಾಕ್ಲಿ."

ಸಾಹೇಬರು, ಅದು ನಮ್ಮ ಕಚೇರಿಯಿಂದ ಆಗುವ ಕೆಲಸವಲ್ಲ ಎಂದರು. ತೆಗೆಸೋಕೆ ಆಯಿತು, ಸೇರಿಸೋಕೆ ಯಾಕಾಗಲ್ಲ ಎಂದು ಅವಳು ಕೇಳಿದಳು. ಶೇಂಗಾ ಬೇಡವೆಂದರೂ ಮೇಜಿನ ಮೇಲೆ ಸುರಿದು ಹೋದಳು.

ಹಬ್ಬವಾಯಿತು. ಕಡತ ಬಂತು. ಸಾಹೇಬರು ತಳಕು ದಾಟುವ ಮೊದಲೇ ಅದನ್ನು ಎರಡು ಸಲ ಓದಿ, ಠಾಣೆಗೆ ಒಂದು ಕಾಗದ ಬರೆಯಬೇಕು, ಉತ್ತರ ಬರುವುದಿಲ್ಲ, ಆದರೂ ಬರೆಯಬೇಕು ಎಂದರು. ಬಾವಿ ಪಕ್ಕದ ಮೂರು, ಗಿರಣಿಯ ಅಣ್ಣ ತಮ್ಮ, ಆರನೆಯವರು ಯಜಮಾನರು. ಹೇಳಿದ ಮಾತು ತಪ್ಪಿರಲಿಲ್ಲ. ಕೋರ್ಟಿನಲ್ಲಿ ಸಾಲಾಗಿ ನಿಂತಾಗ ನ್ಯಾಯಾಧೀಶರು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ, ನಿಜವಾಗಿ ಆಡಿದಿರಾ ಎಂದು ಎರಡೆರಡು ಸಲ ಕೇಳಿದರು. ಆರೂ ಜನ, ನಿಜವಾಗಿ ಆಡಿದೆವು ಸ್ವಾಮಿ, ತಪ್ಪಾಯ್ತು ಎಂದರು. ಯಜಮಾನರ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಅವರಿಗೆ ಎಲೆ ಹಿಡಿಯಲೂ ಬರುವುದಿಲ್ಲವೆಂದು ನನಗೆ ಅನುಮಾನವಿದೆ.

ಮಧ್ಯಾಹ್ನ ಹೊರಗೆ ಬಂದಾಗ ಟೆಂಪೋದ ನೆರಳಿನಲ್ಲಿ ಶಿಕ್ಷೆಯಾದ ಆರೂ ಜನ ಊಟಕ್ಕೆ ಕುಳಿತಿದ್ದರು. ಈ ಸಲ ಮಿರ್ಚಿ ಮಂಡಕ್ಕಿ ಅಲ್ಲ. ಬಡಿಸುತ್ತಿದ್ದವಳು ಹುಡುಗನ ತಾಯಿ. ದೊಡ್ಡ ಬುತ್ತಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ನನ್ನನ್ನು ಕಂಡು ಕೈ ಬೀಸಿ ಕರೆದಳು. ಯಜಮಾನರೇ ಒಂದು ದಾರಿ ಮಾಡಿದರಂತೆ. ಹೆಸರು ಕೊಡಲಾಗದ ಮನೆಯವರು ಹೆಸರು ಕೊಟ್ಟವರಿಗೆ ಬುತ್ತಿ ಕಟ್ಟಬೇಕು, ಅದೂ ಸಾಲಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಯಜಮಾನರು ರೊಟ್ಟಿ ಮುರಿಯುತ್ತ ತಲೆಯಾಡಿಸಿದರು, ಕಾನೂನು ತಿದ್ದಿದವರ ಹಾಗೆ. ಅವರು ತಿದ್ದಿದ್ದು ಒಂದು ವರ್ಷದೊಳಗೆ, ಯಾವ ನಮೂನೆಯೂ ಇಲ್ಲದೆ ಜಾರಿಗೆ ಬಂದಿತ್ತು.

ತಾಯಿ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಒಂದು ನಿನಗೆ, ಒಂದು ಸಾಹೇಬರಿಗೆ ಎಂದಳು. ಆರೋಪಿಗಳ ಕಡೆಯ ಊಟ ನಾವು ತಿನ್ನಬಾರದೆಂದು ನಾನು ಹೇಳಬೇಕಿತ್ತು. ಆದರೆ ಅವರೀಗ ಆರೋಪಿಗಳಾಗಿರಲಿಲ್ಲ, ಶಿಕ್ಷೆ ಮುಗಿಸಿದವರಾಗಿದ್ದರು. ಒಳಗೆ ತಂದುಕೊಟ್ಟೆ. ಸಾಹೇಬರು ಠಾಣೆಗೆ ಕಾಗದ ಬರೆಯುತ್ತಿದ್ದರು. ಪೆನ್ನು ಕೆಳಗಿಟ್ಟು, ಯಾರು ಕೊಟ್ಟರು ಎಂದು ಕೇಳಿದರು. ಹೇಳಿದೆ. ಕಿಟಕಿಯಿಂದ ಟೆಂಪೋದ ಕಡೆ ನೋಡಿದರು. ಹೊರಗೆ ಅವಳು ಯಾರಿಗೋ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಲೇಬೇಕೆಂದು ಗದರುತ್ತಿದ್ದಳು, ಊರಿನವಳ ಹಾಗೆ. ಸಾಹೇಬರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು, ಎಡಗೈಯಿಂದ ಕಾಗದ ಮುಂದುವರಿಸಲು ಹೋಗಿ ಆಗದೆ, ತಿಂದು ಮುಗಿಸಿದ ಮೇಲೆ ಬರೆದರು.